ಪುಟ್ಟೇನಹಳ್ಳಿಯ ಮೇಲೆ ಒಂದು ಸುತ್ತು

೧೯೮೩ರ ಬೇಸಿಗೆಯ ಒಂದು ಬೆಳಿಗ್ಗೆ, ಪುಟ್ಟೇನಹಳ್ಳಿಯ ನಮ್ಮ ಮನೆಯ ಮೇಲೆ ಪರೀಕ್ಷಾ ವಿಮಾನವೊಂದು ಒಂದು ಸುತ್ತು ಹೆಚ್ಚಿಗೆ ಹಾಕಿತು. ಅದರೊಳಗೆ ನಾನಿದ್ದೆ. ಹಾರಾಟದ ದಾಖಲೆಗಳನ್ನು ಓದುವ ವಿಶ್ಲೇಷಕಿಯ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಅದು ನನ್ನ ಮೊದಲ ಹಾರಾಟ. ಮನೆಯಲ್ಲಿ ಹೇಳಿ ಬಂದಿದ್ದೆ. ಮಹಡಿಯ ಮೇಲೆ ಅಮ್ಮ ಒಣಹಾಕಿದ್ದ ಸೀರೆಯನ್ನೇ ಎಳೆದುಕೊಂಡು ಬೀಸುತ್ತಿದ್ದರು.

“ಅಯ್ಯೋ, ನಮ್ಮಮ್ಮ!” ಎಂದು ಕಿರುಚಿದೆ. ಪೈಲಟ್ ನಕ್ಕು ವಿಮಾನ ತಿರುಗಿಸಿದರು.

ಇಳಿದ ಮೇಲೆ ನಮ್ಮ ಮುಖ್ಯಸ್ಥರು ವಿಮಾನದ ದಾಖಲೆ ಯಂತ್ರ ಗೀಚಿದ್ದ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದರು. ಆ ಸುತ್ತು ಗೆರೆಯಲ್ಲಿ ಸ್ಪಷ್ಟವಾಗಿ ಮೂಡಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಏನಮ್ಮಾ ಇದು? ಪ್ಲ್ಯಾನ್‌ನಲ್ಲಿ ಇರ್ಲಿಲ್ವಲ್ಲ?”

ಪೈಲಟ್ ಸೂರು ನೋಡತೊಡಗಿದರು.

“ಸರ್, ಕೆಳಗೆ ನಮ್ಮಮ್ಮ ಸೀರೆ ಬೀಸ್ತಾ ಇದ್ರು.”

ಮುಖ್ಯಸ್ಥರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ವರದಿಯಲ್ಲಿ ಹಂಗೇ ಬರೀರಿ. ಸೀರೆ ಯಾವ ಬಣ್ಣ ಅಂತಾನೂ ಬರೀರಿ.”

ಹಸಿರು ಎಂದು ಬರೆದೆ. ಕೆಲಸ ಕಾಯಂ ಆಯಿತು. ಮುಂದಿನ ಹಾರಾಟಕ್ಕೆ ಮುಖ್ಯಸ್ಥರೇ ಹತ್ತಿದರು. ಆ ಸಲ ವಿಮಾನ ಅವರ ಮನೆಯಿದ್ದ ಆರ್.ಟಿ. ನಗರದ ಮೇಲೆ ಎರಡು ಸುತ್ತು ಹಾಕಿತು.