ಕಾವೇರಿ ಟೀಚರ ಹಾಡು

ಆ ಹಾಡು ನನ್ನದಲ್ಲ. ಚೀನಾ ಯುದ್ಧದ ವರ್ಷ ಪುತ್ತೂರು, ಸುಳ್ಯ, ಕಡಬದ ಶಾಲೆಗಳಲ್ಲೆಲ್ಲ ಮಕ್ಕಳು ಹಾಡಿದ, ‘ಮಾಷ್ಟ್ರ ಹಾಡು’ ಎಂದು ನೀವೆಲ್ಲ ಕೊಂಡಾಡಿದ ಹಾಡು — ಅದರ ಒಂದು ಸಾಲನ್ನೂ ನಾನು ಕಟ್ಟಿದ್ದಲ್ಲ. ಕದ್ದೆ. ಇದಕ್ಕಿಂತ ಮೆತ್ತಗಿನ ಮಾತು ಹುಡುಕುತ್ತ ಏಳು ವರ್ಷ ಕಳೆದೆ.

ಕಟ್ಟಿದವರು ನಮ್ಮ ಶಾಲೆಯ ಹೊಲಿಗೆ ಟೀಚರು, ಸಂಪಾಜೆಯ ಕಾವೇರಿ. ಜವಾನರಿಗೆ ಸ್ವೆಟರು ಹೆಣೆಯಲು ಹುಡುಗಿಯರಿಗೆ ಕಲಿಸುವಾಗ, ಕಡ್ಡಿಯ ಮೇಲೆ ಎಳೆ ಎಣಿಸುವ ಲಯಕ್ಕೇ ಅದನ್ನು ಹಾಡುತ್ತಿದ್ದರು. ಗಡಿಯಲ್ಲಿರುವ ತಮ್ಮನಿಗೆ ಸ್ವೆಟರಿನ ತೋಳು ಗಿಡ್ಡವಾದೀತೇ, ಅವನ ಕೈ ಈಗ ಎಷ್ಟು ಉದ್ದ ಬೆಳೆದಿದೆಯೋ — ಒಬ್ಬ ಅಕ್ಕನ ಚಿಂತೆ ಅದು. ಲೆಕ್ಕ ಕಲಿಸುವ, ಒಡಹುಟ್ಟಿದವರೇ ಇಲ್ಲದ ನನಗೆ ಈ ಚಿಂತೆ ಎಲ್ಲಿಂದ ಬಂತೆಂದು ಒಬ್ಬರಾದರೂ ಕೇಳಬಾರದಿತ್ತೇ? ಹೊಲಿಗೆ ಟೀಚರು ಹಾಡು ಕಟ್ಟಿಯಾರು ಎಂಬುದೇ ಯಾರಿಗೂ ಹೊಳೆಯಲಿಲ್ಲ. ಅದನ್ನು ನಂಬಿಯೇ ನಾನು —

ಅಚ್ಚಿಗೆ ಕೊಡುತ್ತೇನೆ, ನಿಮ್ಮ ಹೆಸರು ಹಾಕುತ್ತೇನೆ ಎಂದಾಗ ಅವರು ನಕ್ಕಿದ್ದರು. “ನನ್ನ ಹೆಸರೆಲ್ಲ ಎಂತಕ್ಕೆ ಮಾಷ್ಟ್ರೇ? ಮಕ್ಕಳು ಹಾಡಿದ್ರೆ ಸಾಕು.” ತಮ್ಮ ಹೆಸರು ಬೇಡ ಎಂದರು, ನನ್ನದು ಹಾಕಿ ಎನ್ನಲಿಲ್ಲ. ಪುತ್ತೂರಿನ ಪ್ರೆಸ್ಸಿನಲ್ಲಿ ನಿಂತು ಹಾಡಿನ ಪುಸ್ತಿಕೆಗೆ ನನ್ನ ಹೆಸರು ಬರೆಸಿದೆ. ಅಷ್ಟಕ್ಕೇ ಬಿಟ್ಟೆನೇ? ‘ಸರ್ವ ಹಕ್ಕುಗಳೂ ಕರ್ತೃವಿನವು, ಅನುಮತಿಯಿಲ್ಲದೆ ಹಾಡಕೂಡದು’ ಎಂದು ಕೆಳಗೆ ಅಚ್ಚು ಹಾಕಿಸಿದೆ. ದೊಡ್ಡ ಕರ್ತೃ!

ಯುದ್ಧ ನಿಂತ ಮೇಲೆ ಸುಳ್ಯದಲ್ಲಿ ಜವಾನರ ನೆನಪಿಗೆ ಸಭೆ. ಟೀಚರ ತಮ್ಮ ಹಿಂದಿರುಗಿರಲಿಲ್ಲ. ಅವನ ಹೆಸರು ಹೇಳಿ ಕಾವೇರಿ ಟೀಚರು ವೇದಿಕೆಯಲ್ಲಿ ಹಾಡಲು ನಿಂತರು. ಸಭೆ ನಡೆಸುತ್ತಿದ್ದವರು ನನ್ನ ಪುಸ್ತಿಕೆ ಹಿಡಿದು ತಡೆದರು: “ಮಾಷ್ಟ್ರ ಒಪ್ಪಿಗೆ ಉಂಟಾ ಟೀಚರೇ? ಇಲ್ಲಿ ಬರ್ದದ್ದುಂಟು ನೋಡಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆಗಲಾದರೂ — ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಇಷ್ಟು: “ಹಾಡ್ಲಿ, ನಂದೆಂತ ಅಡ್ಡಿ ಇಲ್ಲ.”

ಚಪ್ಪಾಳೆ ಬಿತ್ತು. ನನಗೆ! ನನ್ನ ದೊಡ್ಡ ಮನಸ್ಸಿಗೆ! ಟೀಚರು ನನ್ನನ್ನೇ ನೋಡಿದರು. “ಬೇಡ ಮಾಷ್ಟ್ರೇ, ನೀವೇ ಹಾಡಿ” ಎಂದು ಕೆಳಗಿಳಿದರು. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ಊರಿನ ಕಡೆ ಹೋದರು. ಅಲ್ಲಿ ಈಗಲೂ ಹೆಣಿಗೆ ಕಲಿಸುತ್ತಾರಂತೆ, ಹಾಡುವುದಿಲ್ಲವಂತೆ.

ಮೊನ್ನೆ, ಪಠ್ಯಪುಸ್ತಕಕ್ಕೆ ಹಾಡು ಬೇಕೆಂದು ನನ್ನ ಅನುಮತಿ ಕೇಳಿ ಕಾಗದ ಬಂತು. ‘ಪೂಜ್ಯ ಕವಿಗಳೇ’ ಎಂಬ ಸಂಬೋಧನೆ ಬೇರೆ. ಓದಿ ಮೈಯೆಲ್ಲ ಉರಿಯಿತು — ಬರೆದವರ ಮೇಲಲ್ಲ. ಹಾಡು ಯಾರದೆಂದು ತಿಳಿಸಿ, ಅವರ ವಿಳಾಸ ಕೊಟ್ಟು ಉತ್ತರ ಹಾಕಿದ್ದೇನೆ. ಅವರು ಕೊಡುವುದಿಲ್ಲ ಎಂದರೆ ಆ ಪುಟ ಖಾಲಿ ಇರಲಿ.

ಅವರಿಗೂ ಬರೆದಿದ್ದೇನೆ — ಕದ್ದೆ ಎಂದೇ ಬರೆದಿದ್ದೇನೆ. ಕೊನೆಗೆ ‘ಇನ್ನು ಹಾಡಿ ಟೀಚರೇ’ ಎಂದು ಬರೆಯಹೊರಟು ಪೆನ್ನು ಕೆಳಗಿಟ್ಟೆ. ಹಾಡಿ ಎನ್ನಲು ನಾನು ಯಾರು?