ಚುಕ್ಕೆಗಳನ್ನು ನಂಬದ ಅತ್ತೆ

ನನ್ನ ಸೋದರತ್ತೆ ರುದ್ರಪಟ್ಟಣದಲ್ಲಿ ಸಂಗೀತ ಪಾಠ ಹೇಳುತ್ತಾರೆ. ವಯಸ್ಸು ಎಪ್ಪತ್ತು ದಾಟಿದರೂ ಕಂಠ ಗಟ್ಟಿಯಾಗಿದೆ. ಅವರ ಮನೆಯಲ್ಲಿ ಸದಾ ಜನ. ಪಾಠಕ್ಕೆ ಬಂದ ಹುಡುಗಿಯರು, ಅವರನ್ನು ಕರೆದೊಯ್ಯಲು ಬಂದು ಮಾತಿಗೆ ಕೂತ ತಾಯಂದಿರು, ಹಾಲು ತರುವ ಪಕ್ಕದ ಮನೆಯಾಕೆ. ದೂರದ ಊರಿನವರಿಗೆ ಆನ್‌ಲೈನ್ ಪಾಠ ಶುರು ಮಾಡಿದ ಮೇಲೆ ಅತ್ತೆಗೆ ಇಮೇಲು, ಬ್ಯಾಂಕು, ಕರೆಂಟ್ ಬಿಲ್ಲು ಅಂತ ಹತ್ತಾರು ಪಾಸ್‌ವರ್ಡುಗಳಾದವು. ಒಂದೂ ನೆನಪಿರುತ್ತಿರಲಿಲ್ಲ. ಹಾಸನದಲ್ಲಿ ಕೆಲಸದಲ್ಲಿರುವ ನಾನು ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟೆ.

"ಬೀಗ ಹಾಕಿದ ಪೆಟ್ಟಿಗೆ ಇದ್ದ ಹಾಗೆ ಅತ್ತೆ. ಇದನ್ನ ತೆಗೆಯೋ ಒಂದು ಪಾಸ್‌ವರ್ಡ್ ನೆನಪಿಟ್ಟುಕೊಂಡ್ರೆ ಸಾಕು. ಮಿಕ್ಕಿದ್ದೆಲ್ಲ ಒಳಗಿರುತ್ತೆ. ಹೊಸ ಪಾಸ್‌ವರ್ಡನ್ನೂ ಇದೇ ಮಾಡಿಕೊಡುತ್ತೆ," ಎಂದು ಒಂದನ್ನು ಮಾಡಿ ತೋರಿಸಿದೆ. ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಕಲಸಿಕೊಂಡ ಉದ್ದನೆಯ ಸಾಲು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದನ್ನ ಯಾವ ತಾಳಕ್ಕೆ ಕೂರಿಸೋದೇ? ಬಾಯಿಗೇ ಬರಲ್ಲ."

ಪಾಸ್‌ವರ್ಡುಗಳನ್ನು ತಾವೇ ಆರಿಸಿಕೊಂಡರು. ಟೈಪ್ ಮಾಡುವಾಗ ಒಂದೊಂದೇ ಅಕ್ಷರವನ್ನು, ಸ್ವರ ಹೇಳಿಕೊಡುವ ಹಾಗೆ, ಜೋರಾಗಿ ಹೇಳಿಕೊಳ್ಳುವುದು ಅವರ ಅಭ್ಯಾಸ. ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ನಕ್ಕುಬಿಟ್ಟಳು.

"ಅಮ್ಮಾವ್ರೇ, ನಿಮ್ ಬೀಗದ ಮಾತು ನಮ್ ಕೊಟ್ಗೆವರ್ಗೂ ಕೇಳ್ತದೆ. ನಮ್ ಎಮ್ಮೆಗೂ ಬಾಯಿಪಾಠ ಆಗೋಗದೆ ಕಣವ್ವ!"

ಅತ್ತೆ ಕೆಂಪಗಾದರು. ಆಮೇಲೆ ಆ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ತುಟಿ ಬಿಗಿಹಿಡಿದು ಒತ್ತಿದರು. ಬಾಯಿಯನ್ನೇನೋ ಕಟ್ಟಿದರು. ಆದರೆ ಪೆಟ್ಟಿಗೆಯೊಳಗಿನ ಪಾಸ್‌ವರ್ಡುಗಳು ಬರೀ ಚುಕ್ಕೆಗಳಾಗಿ ಕಾಣುವುದನ್ನು ಅವರು ಒಪ್ಪಲೇ ಇಲ್ಲ. "ಚುಕ್ಕೆ ನೋಡಿ ಏನು ತಿಳ್ಕೊಳ್ಲಿ? ಒಳಗಿರೋದು ನಂದೇ ಅಂತ ಕಾಣಬೇಡ್ವಾ?" ಎಂದು ಪಕ್ಕದಲ್ಲಿದ್ದ ಕಣ್ಣಿನ ಗುರುತು ಒತ್ತಿ ಎಲ್ಲವನ್ನೂ ಬಯಲಾಗಿಯೇ ಇಟ್ಟುಕೊಂಡರು. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಸಲ ನಾನು ಹೋದಾಗ ಆನ್‌ಲೈನ್ ಪಾಠ ನಡೆಯುತ್ತಿತ್ತು. ಅತ್ತೆ ತಮ್ಮ ಪರದೆಯನ್ನೇ ಶಿಷ್ಯರಿಗೆ ಕಾಣುವಂತೆ ಮಾಡಿ, ಇಮೇಲಿನಲ್ಲಿದ್ದ ಸ್ವರಲಿಪಿ ತೋರಿಸಲು ಹೊರಟಿದ್ದರು. ಇಮೇಲು ಮತ್ತೆ ಪಾಸ್‌ವರ್ಡ್ ಕೇಳಿತು. ಅತ್ತೆ ಪೆಟ್ಟಿಗೆ ತೆಗೆದರು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೆ, ಗಲಗಲ ಅನ್ನುತ್ತಿದ್ದ ಪಾಠ ಇದ್ದಕ್ಕಿದ್ದಂತೆ ನಿಂತದ್ದು ಗೊತ್ತಾಯಿತು. ಆಮೇಲೆ ಚನ್ನರಾಯಪಟ್ಟಣದ ಶಿಷ್ಯೆಯೊಬ್ಬರ ಸಣ್ಣ ದನಿ: "ಟೀಚರ್, ನಿಮ್ಮ ಪಾಸ್‌ವರ್ಡ್ ನಮಗೆಲ್ಲಾ ಕಾಣಿಸ್ತಾ ಇದೆ."

ಓಡಿ ಬಂದು ನೋಡಿದೆ. ಪರದೆಯ ಅಂಚಿನ ಪುಟ್ಟ ಪುಟ್ಟ ಚೌಕಗಳಲ್ಲಿ ಶಿಷ್ಯರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಒಬ್ಬರಂತೂ ಸೆರಗಿನಿಂದ ಮುಖವನ್ನೇ ಮುಚ್ಚಿಕೊಂಡಿದ್ದರು. ನಡುವೆ ದೊಡ್ಡದಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅತ್ತೆಯ ಇಮೇಲಿನ ಪಾಸ್‌ವರ್ಡ್: ಅವರೆಕಾಳು ಉಪ್ಪಿಟ್ಟು. ಹಿಂದೆ ಎರಡು ಅಂಕಿ.

ನಾನು ತಟ್ಟನೆ ಪರದೆ ತೋರಿಸುವುದನ್ನು ನಿಲ್ಲಿಸಿದೆ. "ಈಗ ಕಣ್ಣು ಬಿಡಬಹುದಾ ಟೀಚರ್?" ಎಂದು ಸೆರಗಿನೊಳಗಿಂದ ಪ್ರಶ್ನೆ ಬಂತು. ಮೊದಲು ನಕ್ಕವರು ಅತ್ತೆಯೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತು ಸ್ವರಲಿಪಿ ಇಲ್ಲದೆಯೇ, ಬಾಯಿಂದಲೇ ಪಾಠ ಮುಂದುವರಿಯಿತು.

ಪಾಠ ಮುಗಿದ ಮೇಲೆ ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನೋಡಿದವರು ಒಳ್ಳೆಯವರು, ಸರಿಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ ಏನು ಗತಿ ಕಣೇ?" ಎಂದು ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿದರು.

ಇಮೇಲಿನ ಪಾಸ್‌ವರ್ಡನ್ನು ಆಗಲೇ ಬದಲಾಯಿಸಿದೆವು. ಈ ಸಲ ಮ್ಯಾನೇಜರ್ ಮಾಡಿಕೊಟ್ಟ ಉದ್ದ ಸಾಲಿಗೇ ಒಪ್ಪಿದರು. ಕಣ್ಣಿನ ಗುರುತು ಮುಟ್ಟದೆ, ಚುಕ್ಕೆಗಳನ್ನು ಚುಕ್ಕೆಗಳಾಗಿಯೇ ಬಿಟ್ಟು, ಪಕ್ಕದ ಗುಂಡಿ ಒತ್ತಿ ಕಾಪಿ ಮಾಡಿ, ಬೇಕಾದ ಕಡೆ ಪೇಸ್ಟ್ ಮಾಡುವುದನ್ನು ತೋರಿಸಿದೆ. ತಾವೇ ಮಾಡಿದರು. ಇಮೇಲು ತೆರೆದುಕೊಂಡಿತು. ಅತ್ತೆ ಬೆರಗಾಗಿ ನನ್ನನ್ನೇ ನೋಡಿದರು.

"ಅಂದ್ರೆ, ನನ್ನ ಪಾಸ್‌ವರ್ಡ್ ಏನು ಅಂತ ನನಗೇ ಗೊತ್ತಿಲ್ಲ!"

"ಹೌದು ಅತ್ತೆ."

"ಹಾಗಾದ್ರೆ ಇನ್ನು ಬಾಯಿ ಬಿಡೋ ಭಯಾನೇ ಇಲ್ಲ!"

ಇನ್ನೂ ಒಂದು ಮಾಡಿದೆ: ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪೆಟ್ಟಿಗೆ ತಾನಾಗಿ ಬೀಗ ಹಾಕಿಕೊಳ್ಳುವಂತೆ. ಪರದೆ ತೋರಿಸುವಾಗ ಅದನ್ನು ತೆಗೆಯುವುದೇ ಬೇಡ ಎಂದೂ ಹೇಳಿದೆ. ಈ ಮಾತನ್ನು ಅವರು ಮರುದಿನವೇ ಶಿಷ್ಯರಿಗೆಲ್ಲ ಹೇಳಿಕೊಟ್ಟರಂತೆ.

ಕೆಲವು ವಾರ ಬಿಟ್ಟು ಮತ್ತೆ ಹೋದೆ. ಅರಕಲಗೂಡು, ಕೊಣನೂರು ದಾಟಿ ರುದ್ರಪಟ್ಟಣದಲ್ಲಿ ಇಳಿದು ಮನೆ ಮುಟ್ಟಿದರೆ, ಯಾವತ್ತೂ ತೆರೆದಿರುವ ಮುಂಬಾಗಿಲು ಮುಚ್ಚಿತ್ತು. ತಟ್ಟಿ ಕಿಟಕಿಯಿಂದ ಇಣುಕಿದೆ. ಪಕ್ಕದ ಮನೆಯಾಕೆ ಫೋನನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ. ಅತ್ತೆ ಅವಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿದ್ದಾರೆ.

"ಅಲ್ಲೇ ಜಗಲಿ ಮೇಲೆ ಕೂತಿರೇ," ಎಂದರು ಅತ್ತೆ, ತಿರುಗದೆ. "ಅವಳು ಪಾಸ್‌ವರ್ಡ್ ಹಾಕ್ತಾ ಇದ್ದಾಳೆ."

"ಬೇಜಾರ್ ಮಾಡ್ಕಬ್ಯಾಡಿ ಕಣವ್ವ," ಎಂದಳು ಆಕೆ. "ಯಾರ್ಗೂ ತೋರಿಸ್ಬ್ಯಾಡ ಅಂದವ್ರೆ ಅಮ್ಮಾವ್ರು."

ಆ ಮನೆಗೆ ಇದನ್ನೆಲ್ಲ ತಂದಿಟ್ಟವಳೇ ನಾನು ಎಂದು ಹೇಳಬೇಕೆನಿಸಿತು. ಬ್ಯಾಗು ಇಳಿಸಿ ಜಗಲಿಯ ಮೇಲೆ ಕೂತೆ. ಒಳಗಿಂದ ಇಬ್ಬರ ನಗುವೂ ಕೇಳಿಸಿತು. ಬಾಗಿಲು ಮಾತ್ರ ತೆರೆಯಲಿಲ್ಲ.