ಹುಣಸೆಯ ನೆರಳಿನ ಜೋಳ

ಹೊಳೆಗೆ ಅಣೆಕಟ್ಟೆ ಕಟ್ಟುತ್ತಿದ್ದ ಕಾಲ. ಕುರುಗೋಡಿನಿಂದ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಅತ್ತೆ ನನ್ನನ್ನು ಕಳ್ಳಿ ಮಾಡಿದರು.

"ಡಬ್ಬಿಯಾಗಿನ ಇಂಗು ಕರಗಾಕತ್ತೈತಿ. ತವರಿಗೆ ಕಳಸ್ತೀ ಏನು?"

"ನಮ್ಮ ತವರಾಗೇನು ಇಂಗಿಗೆ ಬರ ಬಂದೈತೇನ್ರಿ ಅತ್ತಿ?"

ನನ್ನ ಕೈ ಎಳೆದು ಮೂಸುತ್ತಿದ್ದರು. ದಿನಾ ಒಗ್ಗರಣೆ ಹಾಕುವ ಕೈ ಇಂಗು ನಾರದೆ ಮಲ್ಲಿಗೆ ನಾರುತ್ತದೆಯೇ? ಮೈಯೆಲ್ಲ ಉರಿದುಹೋಗುತ್ತಿತ್ತು.

ಅದೇ ವರ್ಷ ಹೊಲದ ಬದುವಿನ ಹುಣಸೆ ಒಣಗತೊಡಗಿತು. ಜೋಳ ಮಾವನದು, ಹುಣಸೆ ಅತ್ತೆಯದು, ಅದು ಮನೆಯ ಪದ್ಧತಿ. ಹಣ್ಣು ಬಳ್ಳಾರಿ ಪೇಟೆಗೆ ಹೋಗಿ ಬಂದ ಕಾಸು ಅತ್ತೆಯ ಸೆರಗಿನ ಗಂಟಿಗೆ. ಅಲ್ಲಿಗೆ ಮಾವನೂ ಕೈಹಾಕುವಂತಿರಲಿಲ್ಲ. ಆದರೆ ಮರದ ನೆರಳು ಬಿದ್ದಷ್ಟು ಜಾಗದಲ್ಲಿ ಜೋಳ ಕಾಳು ಕಟ್ಟುತ್ತಿರಲಿಲ್ಲ. ಸುಗ್ಗಿ ಬಂದಾಗೆಲ್ಲ ಮಾವ ಗೊಣಗುತ್ತಿದ್ದರು, ಕಡಿಸುತ್ತೇನೆ ಎನ್ನುವ ಎದೆಗಾರಿಕೆ ಮಾತ್ರ ಇರಲಿಲ್ಲ.

ನೆರಳು ಪಕ್ಕದ ಹೊಲಕ್ಕೂ ಬೀಳುತ್ತಿತ್ತು. ಅತ್ತೆಯ ಅನುಮಾನ ಆ ಹೊಲದವನ ಮೇಲೆ. ಒಂದು ಮುಂಜಾನೆ ನನ್ನನ್ನೂ ಕರೆದುಕೊಂಡು ಹೋಗಿ ಬುಡ ಕೆದರಿದರು. ದಪ್ಪ ಬೇರಿನಲ್ಲಿ ತೂತು, ಅದರ ಮೇಲೆ ಮೆತ್ತಿದ ಹಸಿಮಣ್ಣು. ಬಗ್ಗಿ ಮೂಸಿದರು. ಬೇರಿಗೆ ಇಂಗು ಇಟ್ಟರೆ ಎಂಥ ಮರವೂ ಸಾಯುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಅವಂಗ ಇಂಗು ಕೊಟ್ಟಾಕಿ ನೀನ!" ಎಂದು ನನ್ನ ಕಡೆ ತಿರುಗಿದರು. ಅಯ್ಯೋ ಶಿವನೇ! ಅಳುತ್ತಲೇ ಮನೆಗೆ ಬಂದೆ.

ಮಧ್ಯಾಹ್ನ ಮಾವನಿಗೆ ಬಡಿಸುತ್ತ ಅತ್ತೆ ಗುಡುಗಿದರು: "ಬೇರಿಗೆ ಇಂಗು ತುಂಬಿದ ಕೈ ಎಷ್ಟು ತೊಳದ್ರೂ ನಾರತೈತಿ. ಊರವರ ಕೈಯೆಲ್ಲಾ ಮೂಸಿ ನೋಡ್ತೀನಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಎಡಗೈ ಮೆಲ್ಲಗೆ ಮೂಗಿನ ಹತ್ತಿರ ಹೋಯಿತು. ನಾನು ನೋಡಿದೆ. ಅತ್ತೆಯೂ ನೋಡಿದರು. ಮಾವ ಇಂಗು ತಿಂದ ಮಂಗನಂತೆ ಕೂತುಬಿಟ್ಟರು.

ಅತ್ತೆ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮರ ಸತ್ತಿತು, ಕಡಿಸಿದರು. ಮರುವರ್ಷ ಆ ಜಾಗದಲ್ಲಿ ಜೋಳ ಆಳೆತ್ತರ ಬೆಳೆದು ತೆನೆ ತುಂಬಿ ಬಾಗಿತು. ಕೊಯ್ಲಿನ ದಿನ ಅತ್ತೆ ಎಲ್ಲರಿಗಿಂತ ಮೊದಲು ಕುಡುಗೋಲು ಹಿಡಿದು ಹೊಲಕ್ಕಿಳಿದರು.

"ನನ್ನ ಗಿಡದ ನೆಳ್ಳು ಎಲ್ಲಿತನಕ ಬೀಳ್ತಿತ್ತೋ, ಅಲ್ಲಿತನಕ ಜೋಳ ನಂದು. ಈ ವರ್ಷ ಅಷ್ಟ ಅಲ್ಲ, ನಾನು ಇರೋತನಕ."

ಮಾವ ಅಲ್ಲಿಂದಾಚೆಯ ಸಾಲಿಗೆ ಹೋಗಿ ಕೊಯ್ಯತೊಡಗಿದರು.

ರಾಶಿ ಮುಗಿದ ಮೇಲೆ ಅತ್ತೆ ಆ ಜೋಳದ ಒಂದು ಚೀಲವನ್ನು ನನ್ನ ಮುಂದೆ ನೂಕಿದರು. "ತಗೋ. ಇದನ್ನ ನಿನ್ನ ತವರಿಗೆ ಕಳಸು."

ನಾನು ಚೀಲದ ಬಾಯಿ ಬಿಚ್ಚಿ, ಮೊಳಕೈವರೆಗೂ ಕೈ ಇಳಿಸಿ, ತಳದಲ್ಲೂ ಜೋಳವೇ ಇದೆಯೇ, ಇಂಗಿನ ಡಬ್ಬಿ ಅಡಗಿಲ್ಲವಲ್ಲ ಎಂದು ನೋಡಿದೆ.